ಇನ್ನೊಂದು ಇಸ್ಪೀಟು ರಾಣಿ

ಸಹಕಾರನಗರ, ಬೆಂಗಳೂರು
ಬುಧವಾರ, 10 ಸೆಪ್ಟೆಂಬರ್ 2025

ಪ್ರೀತಿಯ ಮಗು ಪ್ರತಿಭಾ,

ಹೇಗಿದ್ದೀಯೆ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಕಟ್ಟಿದಂತಿತ್ತು. ನೆಗಡಿಯೋ, ಬೀದರಿನ ಧೂಳೋ, ಬೆಳಗಿನಿಂದ ಕೊಟ್ಟಿಗೆಯಲ್ಲಿ ನಿಂತು ಎಮ್ಮೆಗಳ ಜ್ವರ ನೋಡಿದ ಆಯಾಸವೋ ತಿಳಿಯಲಿಲ್ಲ. ಪಶುವೈದ್ಯರಾಗುವವರು ತಮ್ಮ ಜ್ವರವನ್ನೂ ಆಗಾಗ ನೋಡಿಕೊಳ್ಳಬೇಕು. ಹಾಸ್ಟೆಲಿನ ಜೋಳದ ರೊಟ್ಟಿ ಒಗ್ಗಿತೆಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ, ಸಂತೋಷ. ಇಲ್ಲಿ ನಾವೆಲ್ಲರೂ ಆರೋಗ್ಯ. ಮಳೆ ಬಂದ ದಿನ ಮಾತ್ರ ನನ್ನ ಮಂಡಿಗಳು ನನಗಿಂತ ಮೊದಲು ಎಚ್ಚರಗೊಳ್ಳುತ್ತವೆ. ನಿನ್ನ ಅಮ್ಮ ದಿವ್ಯ ತಣಿಸಂದ್ರದ ಎಲೆಕ್ಟ್ರಿಕಲ್ ಅಂಗಡಿಯನ್ನು ಈಗ ಒಬ್ಬಳೇ ಅಚ್ಚುಕಟ್ಟಾಗಿ ನಡೆಸುತ್ತಿದ್ದಾಳೆ. ನಿನ್ನ ಅಪ್ಪನ ಮೈಗೇನೂ ತೊಂದರೆಯಿಲ್ಲ. ಹೆಬ್ಬಾಳದ ಸರ್ವಿಸ್ ರಸ್ತೆಯ ಅಪಘಾತವಾಗಿ ಒಂದೂವರೆ ವರ್ಷದ ಮೇಲಾಯಿತು. ತಲೆಯ ಗಾಯ ಮಾಯ್ದಿದೆ, ನಡಿಗೆ ನೆಟ್ಟಗಾಗಿದೆ, ಹಳೆಯದೆಲ್ಲ ನೆನಪಿದೆ. ಹೊಸತು ನಿಲ್ಲುವುದಿಲ್ಲ, ಅಷ್ಟೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಇದು ನಿನಗೆ ಗೊತ್ತಿರುವುದೇ.

ಫೋನಿರುವಾಗ ಅಜ್ಜಿ ಕಾಗದ ಏಕೆ ಬರೆದಳೆಂದು ನಿನಗೆ ಅಚ್ಚರಿಯಾಗಬಹುದು. ಫೋನಿನಲ್ಲಿ ನೀನು ಎರಡು ಮಾತಿಗೇ 'ಸರಿ ಅಜ್ಜಿ, ಇಡ್ತೀನಿ' ಎಂದುಬಿಡುತ್ತೀಯೆ. ಕಾಗದವನ್ನು ಹಾಗೆ ಅರ್ಧಕ್ಕೆ ಕತ್ತರಿಸಲಾಗದು. ಮೊನ್ನೆಯೂ ದಸರಾ ರಜೆಗೆ ಬರುವುದಿಲ್ಲ, ಪ್ರಾಜೆಕ್ಟ್ ಇದೆ ಎಂದು ಹೇಳಿ, ನಾನು ಪೀನಕಲ್ ಆಟದ ವಿಷಯ ತೆಗೆದ ಕೂಡಲೇ 'ಅದೇನಜ್ಜಿ ಪೀನಕಲ್ಲು, ಬರೆದು ಕಳಿಸಿ' ಎಂದು ನಕ್ಕು ಇಟ್ಟೆ. ಮೂವತ್ತು ವರ್ಷ ಯಲಹಂಕದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ 'ಬರೆದು ಕಳಿಸಿ' ಎಂದು ಹೇಳಬಾರದು ಮಗು, ಅವಳು ನಿಜಕ್ಕೂ ಬರೆಯುತ್ತಾಳೆ.

ಪೀನಕಲ್ ಒಂದು ಇಸ್ಪೀಟಿನ ಆಟ. ನಮಗೆ ಇದನ್ನು ತಂದುಕೊಟ್ಟವನು ಮಹಡಿಯ ಮನೆಯ ಫೈಜಾನ್. ಅವನು ವಿಮಾನ ನಿಲ್ದಾಣದಲ್ಲಿ ಎಂಜಿನ್ ದುರಸ್ತಿ ಮಾಡುವವನು, ಅದು ನಿನಗೆ ಗೊತ್ತು. ತರಬೇತಿ ಕೊಡಲು ಬಂದಿದ್ದ ಹಿರಿಯ ಅಮೆರಿಕನ್ ಮೆಕ್ಯಾನಿಕ್ ಒಬ್ಬರು ಊಟದ ವಿರಾಮದಲ್ಲಿ ಇವನಿಗೆ ಈ ಹುಚ್ಚು ಹಿಡಿಸಿದರಂತೆ. ಆಷಾಢದಲ್ಲಿ ಒಂದು ಸಂಜೆ ಕೆಳಗೆ ಬಂದು, 'ಮೇಡಂ, ಎರಡು ಪ್ಯಾಕ್ ಇಸ್ಪೀಟ್ ಇದ್ಯಾ? ಅಣ್ಣಂಗೆ ಒಂದು ಆಟ ಹೇಳ್ಕೊಡ್ತೀನಿ' ಎಂದ. ನಮ್ಮ ಮನೆಯಲ್ಲಿ ಇಸ್ಪೀಟಿಗೆ ಬರವೆ? ನಿನ್ನ ಅಪ್ಪನ ರಮ್ಮಿಯ ಕಟ್ಟುಗಳು ಕಪಾಟಿನ ತುಂಬ ಇದ್ದವು. ಅಪಘಾತವಾದ ಮೇಲೆ ಅವನು ಅವುಗಳನ್ನು ಮುಟ್ಟಿರಲಿಲ್ಲ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂದು ನೆನಪಿಡಲಾರದೆ ಸೋತು ಸೋತು, ಕೊನೆಗೆ ಕಪಾಟಿನ ಬಾಗಿಲನ್ನೇ ಹಾಕಿದ್ದ.

ಈಗ ಕಟ್ಟಿನ ವಿಷಯ, ಗಮನವಿಟ್ಟು ಓದು. ಎರಡು ಮಾಮೂಲಿ ಕಟ್ಟುಗಳನ್ನು ತೆಗೆದುಕೊಂಡು ಎರಡರಿಂದ ಎಂಟರವರೆಗಿನ ಎಲೆಗಳನ್ನೆಲ್ಲ ಬದಿಗಿಡಬೇಕು. ಉಳಿಯುವುದು ಒಂಬತ್ತು, ಹತ್ತು, ಗುಲಾಮ, ರಾಣಿ, ರಾಜ, ಎಕ್ಕ. ಇಸ್ಪೀಟು, ಆಟೀನು, ಡೈಮಂಡು, ಕಳಾವರು, ಈ ನಾಲ್ಕರಲ್ಲೂ ಅದೇ ಆರು. ಒಂದೊಂದೂ ಎರಡೆರಡು ಪ್ರತಿ. ಒಟ್ಟು ನಲವತ್ತೆಂಟು. ನಾನು ಮೊದಲ ಸಂಜೆ ಜೋಡಿಸಿ ಎಣಿಸಿದರೆ ನಲವತ್ತೇ ಬಂತು. ಗಣಿತದ ಮೇಷ್ಟರಿಗೆ ಇದಕ್ಕಿಂತ ಅವಮಾನ ಬೇಕೆ? ಅಂಕಿಯ ಎಲೆ ತಾನೆ ಎಂದು ಹತ್ತರ ಎಂಟೂ ಎಲೆಗಳನ್ನು ಬದಿಗಿಟ್ಟುಬಿಟ್ಟಿದ್ದೆ! ಫೈಜಾನ್ ನಕ್ಕು, 'ಮೇಡಂ, ಇದ್ರಲ್ಲಿ ಹತ್ತು ಅಂದ್ರೆ ದೊಡ್ಡ ಮನುಷ್ಯ, ರಾಜನ್ನೇ ಹೊಡೀತಾನೆ' ಎಂದು ಅವುಗಳನ್ನು ಮರಳಿ ಸೇರಿಸಿದ. ಇನ್ನೊಂದು ತಪ್ಪನ್ನೂ ಮಾಡಿದ್ದೆವು. ರಮ್ಮಿಗೆ ಕೆಂಪು ಬೆನ್ನಿನದೊಂದು, ನೀಲಿ ಬೆನ್ನಿನದೊಂದು ಕಟ್ಟು ಬೆರೆಸುವ ಅಭ್ಯಾಸವಲ್ಲವೆ ನಮಗೆ? ಇಲ್ಲಿ ಹಾಗಲ್ಲ. ಎರಡು ಪ್ರತಿಗಳಿಗೆ ಮುಖವೂ ಒಂದೇ, ಬೆನ್ನೂ ಒಂದೇ ಇರಬೇಕು. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಯಾರಿಗೂ ತಿಳಿಯಬಾರದು. ಮರುದಿನ ಕೊಡಿಗೇಹಳ್ಳಿಯ ಅಂಗಡಿಯಿಂದ ನೀಲಿ ಬೆನ್ನಿನವೇ ಎರಡು ಕಟ್ಟು ತರಿಸಿದೆ.

ನಾಲ್ವರ ಆಟ. ತಲೆಗೆ ಹನ್ನೆರಡು ಎಲೆ, ಎದುರುಬದುರು ಕೂತವರು ಜೊತೆಗಾರರು. ಅಪ್ಪ ಮತ್ತು ಫೈಜಾನ್ ಒಂದು ಕಡೆ. ನನ್ನ ಜೊತೆಗಾರ್ತಿ ಬೇರೆ ಯಾರು, ನನ್ನ ಓರಗಿತ್ತಿ, ನಿನ್ನ ದೊಡ್ಡಜ್ಜಿ ಮುನಿವೆಂಕಟಮ್ಮ. ಕೊಡಿಗೇಹಳ್ಳಿಯ ಹಳೇ ಮನೆಯ ಜಗಲಿಯಲ್ಲಿ ಇಪ್ಪತ್ತೆಂಟು ಆಡಿ ಗಂಡಸರನ್ನೆಲ್ಲ ಏಳಿಸಿ ಕಳಿಸುತ್ತಿದ್ದವಳು. ಅವಳ ಪಾಲಿಗೆ ಈ ಆಟದ ಹೆಸರು 'ಪಿನಾಕಪಾಣಿ ಆಟ'. ತಿದ್ದಲು ಹೋಗಿ ನಾವು ಸೋತಿದ್ದೇವೆ. ಇಪ್ಪತ್ತೆಂಟರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ಕೆಳಗೆ ಒಂಬತ್ತು. ಇಲ್ಲಿ ಆ ಇಬ್ಬರೇ ಸಾಲಿನ ಕೊನೆಯವರು: ಎಕ್ಕ, ಹತ್ತು, ರಾಜ, ರಾಣಿ, ಗುಲಾಮ, ಒಂಬತ್ತು. ದೊಡ್ಡಜ್ಜಿ ಮೊದಲ ಸುತ್ತಿನಲ್ಲೇ ಸೆರಗು ಸರಿಮಾಡಿಕೊಂಡು ಗುಲಾಮನನ್ನು ಪಟ್ಟೆಂದು ಬಡಿದು, 'ಎತ್ಕಳ್ರೋ, ನೋಡಣ!' ಎಂದಳು. ನಿನ್ನ ಅಪ್ಪ ಸದ್ದಿಲ್ಲದೆ ರಾಣಿ ಹಾಕಿ ಸುತ್ತನ್ನು ಎಳೆದುಕೊಂಡ. 'ಗುಲಾಮನ್ನ ಇಂಗೆ ಮರ್ಯಾದೆ ಇಲ್ದಂಗೆ ಮಾಡೋ ಆಟ ಯಾವನ್ ಕಂಡ್‌ಹಿಡ್ದ?' ಎಂದು ಅವಳು ಅರ್ಧ ಗಂಟೆ ಬೈದಳು. ಈಗಲೂ ವಾರಕ್ಕೊಮ್ಮೆ ಅದೇ ತಪ್ಪು ಮಾಡುತ್ತಾಳೆ, ಅದೇ ಬೈಗುಳ ಬೈಯುತ್ತಾಳೆ. ಈ ಮಾತನ್ನು ನೆನಪಿಡು, ಮುಂದೆ ಬೇಕಾಗುತ್ತದೆ.

ಆಟಕ್ಕೆ ಎರಡು ಭಾಗ. ತುರುಪು ಯಾವುದೆಂದು ಸವಾಲು ಕೂಗಿ ಗೊತ್ತುಮಾಡಿದ ಮೇಲೆ, ಮೊದಲು ಕೈಯಲ್ಲಿರುವ ಜೋಡಿಗಳನ್ನು ಮೇಜಿನ ಮೇಲೆ ತೋರಿಸಿ ಅಂಕ ಪಡೆಯಬೇಕು. ಬಳಿಕ ಅವನ್ನು ಕೈಗೆ ತೆಗೆದುಕೊಂಡು ಸುತ್ತುಗಳನ್ನು ಆಡಬೇಕು. ಸುತ್ತಿನಲ್ಲಿ ಗೆದ್ದ ಪ್ರತಿ ಎಕ್ಕ, ಹತ್ತು, ರಾಜನಿಗೆ ಒಂದೊಂದು ಅಂಕ. ಕೊನೆಯ ಸುತ್ತು ಗೆದ್ದವರಿಗೆ ಇನ್ನೊಂದು. ನಾವು ಅಂಕಗಳಿಗೆ ಹುಣಸೆಬೀಜ ಇಟ್ಟಿದ್ದೇವೆ. ಜೋಡಿಗಳಲ್ಲಿ, ಒಂದೇ ಜಾತಿಯ ರಾಜ-ರಾಣಿ ಜೊತೆಯಾದರೆ ಎರಡು ಬೀಜ, ಅವರು ತುರುಪಿನವರಾದರೆ ನಾಲ್ಕು. ತುರುಪಿನ ಒಂಬತ್ತು ಇದ್ದರೂ ಒಂದು ಬೀಜವುಂಟು. ಸಾಲಿನ ತೀರ ಕೊನೆಯವನನ್ನೂ ಬರಿಗೈಲಿ ಕಳಿಸದ ಈ ನಿಯಮ ನನಗೆ ಬಹಳ ಹಿಡಿಸಿತು; ತರಗತಿಯ ಕೊನೆಯ ಬೆಂಚಿನ ಮಕ್ಕಳನ್ನು ಕಂಡವಳಲ್ಲವೆ ನಾನು. ಇನ್ನು ಆಟಕ್ಕೆ ಹೆಸರು ಕೊಟ್ಟ ಜೋಡಿ ಪೀನಕಲ್. ಅದು ಇಸ್ಪೀಟು ರಾಣಿ ಮತ್ತು ಡೈಮಂಡು ಗುಲಾಮ. ದೊಡ್ಡಜ್ಜಿ ಇದನ್ನೂ ಒಪ್ಪಲಿಲ್ಲ. 'ಆವಮ್ಮ ಒಂದ್ ಮನೆಯೋಳು, ಇವ್ನು ಇನ್ನೊಂದ್ ಮನೆಯೋನು, ಬಣ್ಣನೂ ಬ್ಯಾರೆ. ಇದೆಂಗೆ ಜೋಡಿ ಆಯ್ತದೆ?' 'ಅಪರೂಪಕ್ಕೆ ಸೇರ್ತಾರಲ್ಲ ಅಜ್ಜಿ, ಅದಕ್ಕೇ ನಾಲ್ಕು ಬೀಜ' ಎಂದ ಫೈಜಾನ್. ಎರಡೂ ರಾಣಿಯರು, ಎರಡೂ ಗುಲಾಮರು ಒಂದೇ ಕೈಗೆ ಬಂದರೆ ಎಂಟಲ್ಲ, ಮೂವತ್ತು ಬೀಜ! ನಾಲ್ಕರ ಎರಡರಷ್ಟು ಮೂವತ್ತು ಹೇಗಾಯಿತೆಂದು ನಾನು ಗಣಿತದ ಪ್ರಕಾರ ಕೇಳಿದೆ. 'ಎರಡನೇದು ಬರೋದು ಕಷ್ಟ ಮೇಡಂ, ಅದಕ್ಕೆ' ಎಂದಷ್ಟೇ ಹೇಳಿದ. ನಿನ್ನ ಅಪ್ಪನಿಗೆ ಅಂದಿನಿಂದಲೂ ಇಸ್ಪೀಟು ರಾಣಿಯ ಮೇಲೆ ಒಂದು ಒಲವು. ಎಲೆ ಹಂಚುವಾಗ ಅವಳು ಬಂದರೆ ಮುಖದಲ್ಲೇ ತಿಳಿದುಬಿಡುತ್ತದೆ. ರಮ್ಮಿಯಲ್ಲಿ ಅಷ್ಟು ಗುಟ್ಟು ಕಾಯುತ್ತಿದ್ದವನು!

ಈಗ ಆಟ ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಯುಗಾದಿಯ ದಿನ ನೀನು ಇಲ್ಲಿದ್ದೆ. ಒಬ್ಬಟ್ಟು ಬಡಿಸುವ ಹೊತ್ತಿಗೆ ಅಪ್ಪ 'ಯಾವ್ ಕಾಲೇಜು ಮಗಾ?' ಎಂದು ಕೇಳಿದ, ನೀನು ಹೇಳಿದೆ. ಊಟ ಮುಗಿದಾಗ ಕೇಳಿದ, ಹೇಳಿದೆ. ನೆಂಟರೆಲ್ಲ ಕೂತಿರುವಾಗ ಮತ್ತೆ ಕೇಳಿದ. 'ಎಷ್ಟ್ ಸಲ ಹೇಳ್ಲಪ್ಪಾ? ಬೀದರ್, ಬೀದರ್, ಬೀದರ್!' ಎಂದು ನೀನು ಎದ್ದುಹೋದೆ. ದೂರಲು ಬರೆಯುತ್ತಿಲ್ಲ ಮಗು. ನೀನು ಕಾಲೇಜು ಸೇರಿದ್ದು ಅಪಘಾತದ ನಂತರ. ನಿನ್ನ ಬದುಕಿನ ಅತಿ ದೊಡ್ಡ ಸುದ್ದಿಯೇ ನಿನ್ನ ಅಪ್ಪನಲ್ಲಿ ನಿಲ್ಲುವುದಿಲ್ಲವೆಂದರೆ ಹತ್ತೊಂಬತ್ತರ ವಯಸ್ಸಿಗೆ ಅದು ಸಣ್ಣ ನೋವಲ್ಲ. ಆದರೆ ಆ ಸಲ ನೀನು ಬೀದರಿಗೆ ಮರಳಿದ ಮೇಲೆ ಇಲ್ಲಿ ಒಂದು ಬದಲಾವಣೆಯಾಯಿತು, ಅದನ್ನು ಫೋನಿನಲ್ಲಿ ನಿನಗೆ ಯಾರೂ ಹೇಳಿಲ್ಲ. ಅವನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ. ಊಟವಾಯಿತೆ, ಗಂಟೆಯೆಷ್ಟು, ದಿವ್ಯ ಬಂದಳೆ, ಒಂದನ್ನೂ ಕೇಳುತ್ತಿರಲಿಲ್ಲ. ಆರ್.ಟಿ. ನಗರದ ಕ್ಲಿನಿಕ್ಕಿನಲ್ಲಿ ಅವನಿಗೆ ಅಭ್ಯಾಸ ಮಾಡಿಸುವ ಮಲ್ಕಾ ಎಂಬ ಹುಡುಗಿಯನ್ನು ವಿಚಾರಿಸಿದೆ. ನಡೆದದ್ದು ಅಳಿಸಿಹೋಗುತ್ತದೆ, ಆದರೆ ಆಗ ಆದ ಮುಜುಗರ ಎಲ್ಲೋ ಉಳಿದುಬಿಡುತ್ತದೆ ಎಂದಳು. ಏಕೆಂದು ಗೊತ್ತಿಲ್ಲದೆಯೇ ಬಾಯಿಗೆ ಭಯ ಬಂದಿರುತ್ತದಂತೆ. ಮಾತು ಕಡಿಮೆಯಾದಷ್ಟೂ ಉಳಿದದ್ದೂ ಮಸುಕಾಗುತ್ತದೆ, ಹೇಗಾದರೂ ಮಾತಾಡಿಸಿ ಎಂದೂ ಹೇಳಿದಳು. ನಾನು ಪ್ರಯತ್ನಿಸಿದೆ, ದಿವ್ಯ ಪ್ರಯತ್ನಿಸಿದಳು. ಹೂಂ, ಉಹೂಂ, ಅಷ್ಟೇ.

ಆಟ ಶುರುವಾದ ಮೇಲೂ ಎಷ್ಟೋ ದಿನ ಅವನು ಮೂಕನಂತೆಯೇ ಆಡಿದ. ಎಲೆಗಳ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಎಲ್ಲರ ಮುಂದೆ ಇಟ್ಟಿರುತ್ತೇವೆ, ನಿಯಮಗಳನ್ನು ಪ್ರತಿ ಸಂಜೆ ಫೈಜಾನ್ ಮೊದಲಿನಿಂದ ಹೇಳುತ್ತಾನೆ. ಅದು ಅಪ್ಪನಿಗೆಷ್ಟು ಬೇಕೋ ದೊಡ್ಡಜ್ಜಿಗೂ ಅಷ್ಟೇ ಬೇಕು, ಹಾಗಾಗಿ ಯಾರಿಗೂ ಸಂಕೋಚವಿಲ್ಲ. ಶ್ರಾವಣದ ಒಂದು ಸಂಜೆ, ಅವನ ಕೈಯಲ್ಲಿ ಆಟೀನು ಹತ್ತು ಇತ್ತು. ಅದನ್ನು ಮುಂದೆ ಮಾಡಲೋ ಬೇಡವೋ ಎಂದು ಬಹಳ ಹೊತ್ತು ಹಿಡಿದು ಕೂತ. ಆಟೀನಿನಲ್ಲಿ ಹತ್ತನ್ನು ಗೆಲ್ಲಬಲ್ಲದ್ದು ಎಕ್ಕ ಮಾತ್ರ. ಕೊನೆಗೆ ತೀರ ಮೆಲ್ಲಗೆ, 'ಆಟೀನು ಎಕ್ಕ ಆಗ್ಲೇ ಬಂತಲ್ವಾ?' ಎಂದ. ಅಂದವನೇ ತುಟಿ ಕಚ್ಚಿಕೊಂಡು, ಯಾರಾದರೂ ಗದರಿಸುತ್ತಾರೇನೋ ಎಂಬಂತೆ ಎಲೆಗಳ ಹಿಂದೆ ಮುಖ ಇಳಿಸಿದ. ಫೈಜಾನ್ ತಲೆಯನ್ನೂ ಎತ್ತದೆ, 'ಬಂತು ಅಣ್ಣಾ, ಒಂದು. ಇನ್ನೊಂದಿದೆ. ಎಲ್ಲಿದೆ ಅಂತ ನಾನೂ ಅದನ್ನೇ ತಲೆ ಕೆರ್ಕೊಂಡು ಕೂತಿದೀನಿ' ಎಂದ. ದೊಡ್ಡಜ್ಜಿ, 'ಇಂಗೇ ಕೇಳ್ತಿರು ಕಣಪ್ಪಾ, ನಂಗೂ ಅನುಕೂಲ' ಎಂದಳು. ಅಪ್ಪ ಧೈರ್ಯ ಮಾಡಿ ಹತ್ತನ್ನು ಹಾಕಿದ. ದೊಡ್ಡಜ್ಜಿ ಅದರ ಮೇಲೆ ಎರಡನೆಯ ಆಟೀನು ಎಕ್ಕವನ್ನು ಮಡಗಿ ಸುತ್ತನ್ನು ಬಾಚಿಕೊಂಡಳು! 'ದೊಡ್ಡಮ್ಮಾ, ಮೋಸ!' ಎಂದು ನಿನ್ನ ಅಪ್ಪ ಕೂಗಿದ ಕೂಗು ಪಾರ್ಕಿನವರೆಗೆ ಕೇಳಿಸಿರಬೇಕು. 'ಮೋಸ ಯಾಕಲಾ? ಇನ್ನೊಂದ್ ಐತೆ ಅಂತ ಹುಡುಗ ಏಳ್ಲಿಲ್ವಾ?' ಅವನು ನಕ್ಕ. ಬಹಳ ತಿಂಗಳ ಮೇಲೆ ನಕ್ಕ.

ಆ ಮೇಲೆ ನನಗೆ ಹೊಳೆದದ್ದು ಇದು. ಮಾಮೂಲಿ ಕಟ್ಟಿನಲ್ಲಿ ಒಂದು ಎಲೆ ಹೋದರೆ ಹೋಯಿತು. ಅದು ಹೋಯಿತೆ ಎಂದು ಕೇಳುವವನು ದಡ್ಡ. ಈ ಕಟ್ಟಿನಲ್ಲಿ ಬಂದ ಎಲೆ ಮತ್ತೊಮ್ಮೆ ಬರಲೇಬೇಕು. ಬಂದದ್ದು ಒಂದೋ ಎರಡೋ ಎಂಬುದು ಆಟ ಬಲ್ಲವರೆಲ್ಲರ ತಲೆಯಲ್ಲೂ ಸದಾ ಓಡುವ ಪ್ರಶ್ನೆ. ಶಿಸ್ತಿನ ಆಟದಲ್ಲಿ ಅದನ್ನು ಬಾಯಿಬಿಟ್ಟು ಕೇಳುವಂತಿಲ್ಲವಂತೆ. ನಮ್ಮ ಮನೆಯಲ್ಲಿ ಕೇಳಬಹುದು. ಅದು ನಾವು ಮಾಡಿಕೊಂಡ ನಿಯಮ. ಈಗ ಅವನು ಕೇಳುತ್ತಾನೆ. ಆಟದಲ್ಲಿ ಕೇಳಿ ಕೇಳಿ, ಹೊರಗೂ ಕೇಳತೊಡಗಿದ್ದಾನೆ. ನಿನ್ನೆ ದಿವ್ಯ ಅಂಗಡಿಯಿಂದ ಬಂದೊಡನೆ 'ವ್ಯಾಪಾರ ಹೆಂಗಾಯ್ತು?' ಎಂದ, ಸಾರಿಗೆ ಒಗ್ಗರಣೆ ಹಾಕುವಾಗ ಮತ್ತೆ ಕೇಳಿದ. ದಿವ್ಯ ಹಿಂದಿರುಗಿ ನೋಡದೆ, 'ಇದು ಎರಡನೇ ಎಲೆ ಕಣ್ರೀ, ಚೆನ್ನಾಗಾಯ್ತು' ಎಂದಳು. ಅವನಿಗೆ ನೋವಾಗಲಿಲ್ಲ. ಮೂರನೆಯ ಸಲ ಕೇಳಿದರೆ, 'ಇನ್ನೊಂದು ಕಟ್ಟು ಸೇರಿಸಿದ್ದೀರಿ' ಎಂದು ನಗಿಸುತ್ತಾಳೆ. ನಿನಗೆ ಸುಳ್ಳು ಆಸೆ ಹುಟ್ಟಿಸಲಾರೆ: ನೆನಪು ಸುಧಾರಿಸಿಲ್ಲ. ಮಲ್ಕಾ ಕೂಡ ಹಾಗೇ ಹೇಳಿದಳು. ಕೈಗಳು ಮಾತ್ರ ದಿನದಿನಕ್ಕೆ ಏನನ್ನೋ ಕಲಿಯುತ್ತಿವೆ, ಎಲೆಗಳನ್ನು ಈಗ ಚೀಟಿ ನೋಡದೆ ಜೋಡಿಸಿಕೊಳ್ಳುತ್ತಾನೆ. ಅಷ್ಟೇ.

ಇನ್ನೊಂದು ನಿಯಮ ಬರೆಯದೆ ಈ ಪಾಠ ಮುಗಿಯದು. ಒಂದೇ ಸುತ್ತಿನಲ್ಲಿ ಒಂದೇ ಎಲೆಯ ಎರಡೂ ಪ್ರತಿಗಳು ಬಿದ್ದರೆ ಗೆಲ್ಲುವುದು ಯಾವುದು? ಮೊದಲು ಬಿದ್ದದ್ದು. ಎರಡಕ್ಕೂ ಬೆಲೆ ಒಂದೇ, ಮುಖ ಒಂದೇ. ಮೊದಲು ಕೈ ಬಿಟ್ಟವರದೇ ಸುತ್ತು. ದೊಡ್ಡಜ್ಜಿಗೆ ಈ ನಿಯಮದ ಮೇಲೂ ಸಿಟ್ಟಿದೆ, ಬಿಡು. ನಾನು ಮಾತ್ರ ಈ ನಿಯಮ ಕೇಳಿದಾಗಲೆಲ್ಲ ನಿಮ್ಮಿಬ್ಬರನ್ನು ನೆನೆಯುತ್ತೇನೆ. ಅವನು ನಿನ್ನ ಸುದ್ದಿ ಕೇಳಲು ಅಂಜುತ್ತಾನೆ. ನನ್ನನ್ನು ಬೇರೆಲ್ಲ ಕೇಳಿಯಾನು, ನಿನ್ನ ವಿಷಯವೊಂದನ್ನು ಕೇಳುವುದಿಲ್ಲ; ನಿನ್ನ ಫೋನು ಬಂದರೆ ಎದ್ದು ಬಾಲ್ಕನಿಗೆ ಹೋಗುತ್ತಾನೆ. ನೀನು ಪ್ರಾಜೆಕ್ಟಿನ ಹಿಂದೆ ಕೂತಿದ್ದೀಯೆ. ಇಬ್ಬರ ಕೈಯಲ್ಲಿರುವುದೂ ಒಂದೇ ಎಲೆಯೆಂದು ಇಬ್ಬರ ಮುಖವನ್ನೂ ಕಂಡ ನನಗೆ ಗೊತ್ತು.

ಪ್ರಾಜೆಕ್ಟ್ ನಿಜವೇ ಇದ್ದರೆ ಅದನ್ನು ಬಿಟ್ಟು ಬಾ ಎಂದು ನಾನು ಹೇಳುವವಳಲ್ಲ. ಓದನ್ನು ಬಿಡು ಎಂದು ಯಾವ ಮಗುವಿಗೂ ಇದುವರೆಗೆ ಹೇಳಿಲ್ಲ. ಆದರೂ ಒಂದು ವಿಷಯ ತಿಳಿದಿರಲಿ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ದೊಡ್ಡಜ್ಜಿ ಮೊಮ್ಮಗಳ ಬಾಣಂತನಕ್ಕೆಂದು ಹುಣಸಮಾರನಹಳ್ಳಿಗೆ ಹೋಗುತ್ತಾಳೆ. ನಾಲ್ಕನೆಯ ಕುರ್ಚಿ ಖಾಲಿಯಾಗುತ್ತದೆ. ದಿವ್ಯ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಫೈಜಾನನ ಪಾಳಿ ಶುರುವಾಗುತ್ತದೆ. ನೀನು ಬಂದರೆ ಫೈಜಾನ್ ನನಗೆ ಜೊತೆಗಾರನಾಗುತ್ತಾನೆ, ಅಪ್ಪನ ಎದುರಿನ ಕುರ್ಚಿ ನಿನ್ನದು. ಮೊದಲ ಸಂಜೆಯೇ ಅವನು ಕೇಳಿದರೂ ಕೇಳಿಯಾನು, ಯಾವ್ ಕಾಲೇಜು ಮಗಾ ಎಂದು. ಹಾಗೆ ಕೇಳಿದರೆ ನಾವು ಗೆದ್ದೆವೆಂದು ತಿಳಿ. ಮೊದಲ ಸಲ ಹೇಳಿದ ದನಿಯಲ್ಲೇ ಎರಡನೆಯ ಸಲವೂ ಹೇಳು. ಅಷ್ಟು ಬಂದರೆ ಆಟ ಬಂದಂತೆಯೇ.

ವೇಳೆಗೆ ಸರಿಯಾಗಿ ಊಟ ಮಾಡು. ಎಮ್ಮೆಗಳ ಹಿಂದೆ ನಿಲ್ಲುವಾಗ ಎಚ್ಚರ. ದೊಡ್ಡಜ್ಜಿ ನಿನಗೆ 'ಗುಲಾಮನ್ನ ನಂಬಬ್ಯಾಡ' ಎಂದು ತಿಳಿಸಲು ಹೇಳಿದ್ದಾಳೆ. ಫೈಜಾನ್ ನಮಸ್ಕಾರ ಹೇಳಿದ್ದಾನೆ. ನಿನ್ನ ಕೈಗುಣದಿಂದ ಮೂಕ ಪ್ರಾಣಿಗಳು ಚೇತರಿಸಿಕೊಳ್ಳಲಿ, ನೀನು ದೊಡ್ಡ ಬಾಳು ಬಾಳು ಎಂದು ಹರಸುವ

ನಿನ್ನ ಅಜ್ಜಿ
ಸರಳಾ

ಮರೆತೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಕಚೇರಿ ಮುಚ್ಚುವ ಹೊತ್ತು: ಗೋಂದು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನಿನ್ನ ಅಪ್ಪ ಲಕೋಟೆಯ ಮೇಲಿನ ಹೆಸರು ಓದಿ, ಕಟ್ಟಿನಿಂದ ಒಂದು ಇಸ್ಪೀಟು ರಾಣಿಯನ್ನು ತೆಗೆದು ಇದರೊಳಗೆ ತೂರಿಸಿದ್ದಾನೆ. ಅದಿಲ್ಲದೆ ಆಟ ನಡೆಯದಲ್ಲೋ ಎಂದೆ. 'ಇರ್ಲಿ ಬಿಡಮ್ಮ, ಇನ್ನೊಂದು ನನ್ ಹತ್ರ ಇದೆ. ಒಂದಿದ್ರೆ ನಾಲ್ಕು, ಎರಡೂ ಸೇರಿದ್ರೆ ಮೂವತ್ತು. ಅವಳೇ ತರ್ಲಿ' ಎಂದ. ಆ ಮೂವತ್ತರ ಲೆಕ್ಕವನ್ನು ಇಂದು ಯಾರೂ ಅವನಿಗೆ ಹೇಳಿರಲಿಲ್ಲ, ಪ್ರತಿಭಾ. ಈಗ ಕಟ್ಟಿನಲ್ಲಿರುವುದು ನಲವತ್ತೇಳೇ ಎಲೆ. ನಾಳೆ ಸಂಜೆ ಎಣಿಸಿ, ರಾಣಿ ಎಲ್ಲಿ ಎಂದು ಕೇಳುತ್ತಾನೆ. ನಿನ್ನ ಹತ್ತಿರ ಇದ್ದಾಳೆ, ತರುತ್ತೀಯೆ ಎನ್ನುತ್ತೇನೆ. ನಾಡಿದ್ದೂ ಕೇಳುತ್ತಾನೆ, ನಾಡಿದ್ದೂ ಹೇಳುತ್ತೇನೆ. ಬೀದರಿನ ರೈಲು ಯಶವಂತಪುರಕ್ಕೆ ಹೋಗುವ ಮೊದಲು ಯಲಹಂಕದಲ್ಲೇ ನಿಲ್ಲುತ್ತದೆ, ಅಲ್ಲೇ ಇಳಿ. ಯಾವ ದಿನವೆಂದು ಮಾತ್ರ ತಿಳಿಸು.